ಚಿತ್ರಚೌಕಟ್ಟು ಕಾರ್ಯಾಗಾರದ ಸ್ಥಳ ವಿನ್ಯಾಸ: ಮಳಿಗೆ ಹಂಚಿಕೆಗೆ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯ ವಾಣಿಜ್ಯ ಮಳಿಗೆಯನ್ನಾಗಲಿ, ಸ್ವಸಹಾಯ ಗುಂಪುಗಳಿಗಾಗಿ ನಿರ್ಮಿಸಿದ ಕಾರ್ಯಶೆಡ್ಡನ್ನಾಗಲಿ ಹಂಚಿಕೆ ಮಾಡುವ ಸಂದರ್ಭದಲ್ಲಿ ಸಾಮಾನ್ಯ ಸಭೆಯ ಚರ್ಚೆ ಬಹುಮಟ್ಟಿಗೆ ಬಾಡಿಗೆ, ಠೇವಣಿ ಹಾಗೂ ಅವಧಿಯ ಸುತ್ತಲೇ ನಡೆಯುತ್ತದೆ. ಆ ಕೊಠಡಿಯೊಳಗೆ ನಡೆಯಲಿರುವ ಕಸುಬಿಗೆ ಅದರ ಉದ್ದಗಲ, ಬಾಗಿಲು, ಕಿಟಕಿಗಳು ಹೊಂದುತ್ತವೆಯೇ ಎಂಬ ಪ್ರಶ್ನೆ ಏಳುವುದು ಅಪರೂಪ. ದಿನಸಿ ಅಂಗಡಿಗೆ ಅಥವಾ ಜೆರಾಕ್ಸ್ ಅಂಗಡಿಗೆ ಈ ಪ್ರಶ್ನೆ ಅಷ್ಟು ಮುಖ್ಯವೂ ಅಲ್ಲ. ನಾಲ್ಕು ಗೋಡೆ, ಒಂದು ಷಟರ್ ಇದ್ದರೆ ವ್ಯಾಪಾರ ನಡೆಯುತ್ತದೆ. ಆದರೆ ಫೋಟೋ ಹಾಗೂ ದೇವರ ಪಟಗಳಿಗೆ ಕಟ್ಟು ಹಾಕುವ ಕಾರ್ಯಾಗಾರದ ವಿಷಯ ಹಾಗಲ್ಲ. ಅಲ್ಲಿ ಕೊಠಡಿಯೇ ಒಂದು ಉಪಕರಣ. ಅದು ತಪ್ಪಾದರೆ ಯಂತ್ರ ಎಷ್ಟು ಉತ್ತಮವಾಗಿದ್ದರೂ ಪ್ರಯೋಜನವಾಗದು.

ಈ ಕಸುಬು ಗ್ರಾಮೀಣ ಪ್ರದೇಶದಲ್ಲಿ ಸ್ವಸಹಾಯ ಗುಂಪುಗಳ ಆಸಕ್ತಿಯನ್ನು ಸೆಳೆಯುವುದಕ್ಕೆ ಕಾರಣಗಳಿವೆ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆ, ಗೃಹಪ್ರವೇಶ ಮತ್ತು ಮದುವೆಯ ಕಾಲಗಳಲ್ಲಿ ಕಟ್ಟು ಹಾಕಿಸುವವರಿಗೆ ಕೊರತೆಯಿಲ್ಲ. ಪಂಚಾಯಿತಿಯೂ ಸ್ವತಃ ಗಿರಾಕಿಯೇ ಆಗಿದೆ: ಮಹಾತ್ಮ ಗಾಂಧಿ ಹಾಗೂ ಡಾ. ಬಿ.ಆರ್. ಅಂಬೇಡ್ಕರ್ ಅವರ ಭಾವಚಿತ್ರಗಳು, 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿದ ನಂತರ ಕಚೇರಿಗಳಲ್ಲಿ ಅಳವಡಿಸಿದ ಅವರ ಭಾವಚಿತ್ರ, ಸಂವಿಧಾನದ ಪ್ರಸ್ತಾವನೆಯ ಫಲಕ, ಇವೆಲ್ಲವೂ ಕಟ್ಟಿನೊಳಗೆ ಕೂತೇ ಗೋಡೆಗೇರಿವೆ. ಶಾಲೆ, ಅಂಗನವಾಡಿ, ಗ್ರಂಥಾಲಯ, ಸಹಕಾರ ಸಂಘಗಳಿಗೂ ಇದೇ ಬೇಡಿಕೆ ಉಂಟು. ತಾಲ್ಲೂಕು ಕೇಂದ್ರಕ್ಕೆ ಹೋಗಿ, ಕಟ್ಟಾದ ಮೇಲೆ ಗಾಜಿನ ಪಟವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವುದಕ್ಕಿಂತ ಊರಿನಲ್ಲಿಯೇ ಮಾಡಿಸುವುದು ಜನರಿಗೆ ಅನುಕೂಲ.

ಹೀಗೆ ಬೇಡಿಕೆ ಇದ್ದರೂ ಗುಂಪಿಗೆ ನಷ್ಟವಾಗುವ ಸಂಭವ ಇಲ್ಲದಿಲ್ಲ. ಒಕ್ಕೂಟದಿಂದಲೋ ಬ್ಯಾಂಕಿನಿಂದಲೋ ಸಾಲ ಪಡೆದು ಯಂತ್ರ ಕೊಂಡ ಮೇಲೆ ಕಂತು ಆರಂಭವಾಗುತ್ತದೆ; ಕೊಠಡಿ ಒಗ್ಗಲಿಲ್ಲವೆಂದು ಕಂತು ಕಾಯುವುದಿಲ್ಲ. ಪಟ್ಟಿ ತಿರುಗಿಸುವಾಗ ಗಾಜು ಒಡೆಯುವುದು, ಗಾಜಿನೊಳಗೆ ಧೂಳು ಕಾಣಿಸಿ ಗಿರಾಕಿ ಹಿಂದಿರುಗಿಸುವುದು, ಮೂಲೆ ಬಿರುಕು ಬಿಡುವುದು, ಕೈಗೆ ಗಾಯವಾಗುವುದು, ಇವುಗಳನ್ನು ಸಾಮಾನ್ಯವಾಗಿ ಕೆಲಸಗಾರರ ಅನನುಭವವೆಂದು ಭಾವಿಸಲಾಗುತ್ತದೆ. ಅವುಗಳಲ್ಲಿ ಬಹುಪಾಲು ಸ್ಥಳ ವಿನ್ಯಾಸದ ದೋಷಗಳು. ಮಳಿಗೆಯ ಅಂದಾಜು ಪಟ್ಟಿ ತಯಾರಾಗುವ ಹಂತದಲ್ಲಿ, ತಪ್ಪಿದರೆ ಹಂಚಿಕೆಯ ಠರಾವಿನ ಹಂತದಲ್ಲಿ, ಅವುಗಳನ್ನು ತಪ್ಪಿಸುವುದು ಸದಸ್ಯರ ಕೈಯಲ್ಲಿದೆ.

ಹತ್ತು ಅಡಿಯ ಪಟ್ಟಿ

ಚೌಕಟ್ಟಿಗೆ ಬಳಸುವ ಪಟ್ಟಿ, ಅದು ಮರದ್ದಾಗಲಿ ಪಾಲಿಸ್ಟೈರೀನಿನದಾಗಲಿ, ಮಾರುಕಟ್ಟೆಯಿಂದ ಸುಮಾರು 10 ಅಡಿ ಉದ್ದದ ಕೋಲಾಗಿ ಬರುತ್ತದೆ. ಕಾರ್ಯಾಗಾರದ ಇಡೀ ವಿನ್ಯಾಸವನ್ನು ನಿರ್ಧರಿಸುವುದು ಈ ಒಂದು ಅಳತೆ. ಇದನ್ನು 45 ಡಿಗ್ರಿ ಕೋನದಲ್ಲಿ ಕತ್ತರಿಸಬೇಕು. ಗರಗಸ ಯಂತ್ರದ ಒಂದು ಬದಿಗೆ ಕೋಲು ಪೂರ್ತಿಯಾಗಿ ಮಲಗಬೇಕು. ಇನ್ನೊಂದು ಬದಿಯಲ್ಲಿ ಕತ್ತರಿಸಿದ ತುಂಡು ನಿಲ್ಲಬೇಕು. ಅಂದರೆ ಒಂದು ಬದಿಗೆ 10 ಅಡಿ, ಮತ್ತೊಂದು ಬದಿಗೆ ಅತಿ ದೊಡ್ಡ ಚೌಕಟ್ಟಿನ ಒಂದು ಪಕ್ಕದಷ್ಟು, ಎಂದರೆ 4 ಅಡಿಯಷ್ಟಾದರೂ ಬೇಕು. ಗರಗಸದ ಅಗಲವನ್ನೂ ಸೇರಿಸಿದರೆ 15 ಅಡಿಯ ನೇರ ಗೋಡೆ ಅಗತ್ಯವಾಗುತ್ತದೆ.

ಪಂಚಾಯಿತಿ ಮಳಿಗೆಗಳು ಹಲವೆಡೆ 10 ಅಡಿ ಅಗಲ, 12 ಅಥವಾ 15 ಅಡಿ ಆಳದವು. 15 ಅಡಿ ಆಳವಿದ್ದಲ್ಲಿ ಗರಗಸವನ್ನು ಪಕ್ಕದ ಗೋಡೆಯುದ್ದಕ್ಕೆ ಇಡಬಹುದು. 12 ಅಡಿಯದಾದರೆ ಕೋಲನ್ನು ಮೊದಲು ಕೈಗರಗಸದಿಂದ ಅಂದಾಜು ಅಳತೆಗೆ ತುಂಡರಿಸಿ ನಂತರ ಯಂತ್ರಕ್ಕೆ ಕೊಡಬೇಕಾಗುತ್ತದೆ. ಇದು ಅಸಾಧ್ಯವೇನಲ್ಲ, ಆದರೆ ಪ್ರತಿ ಕೋಲಿನಲ್ಲೂ ಸ್ವಲ್ಪ ಪಟ್ಟಿ ವ್ಯರ್ಥವಾಗುತ್ತದೆ. ಎರಡು ಮಳಿಗೆಗಳು ಖಾಲಿ ಇದ್ದು ಬಾಡಿಗೆ ಒಂದೇ ಆಗಿದ್ದಲ್ಲಿ ಆಳವಾದುದನ್ನು ಈ ಕಸುಬಿಗೆ ಮೀಸಲಿಡುವುದು ಸೂಕ್ತ.

ವ್ಯರ್ಥದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಟುಡಿಯೋಗಳಲ್ಲಿ ಸಾಮಾನ್ಯವಾದ 12×18 ಅಂಗುಲದ ಫೋಟೋಗೆ 1 ಅಂಗುಲ ಅಗಲದ ಪಟ್ಟಿ ಹಾಕುವುದಾದರೆ ಫೋಟೋದ ಸುತ್ತಳತೆ 60 ಅಂಗುಲ. ನಾಲ್ಕು ಮೂಲೆಗಳ ಓರೆ ಕತ್ತರಿಕೆಗಾಗಿ ಪಟ್ಟಿಯ ಅಗಲದ 8 ಪಟ್ಟು, ಅಂದರೆ 8 ಅಂಗುಲ ಹೆಚ್ಚು. ಒಟ್ಟು 68 ಅಂಗುಲ. 10 ಅಡಿಯ, ಅಂದರೆ 120 ಅಂಗುಲದ ಕೋಲಿನಿಂದ ಇಂತಹ ಒಂದೇ ಚೌಕಟ್ಟು ಸಾಧ್ಯ. ಉಳಿಯುವುದು 52 ಅಂಗುಲ. ಈ ತುಂಡನ್ನು ಮೂಲೆಗೆಸೆದರೆ ಕೋಲಿನ ಶೇಕಡ 40ಕ್ಕಿಂತ ಹೆಚ್ಚು ಭಾಗ ನಷ್ಟ. ಆದರೆ 8×12 ಅಂಗುಲದ ಫೋಟೋಗೆ ಬೇಕಾದುದು 40ಕ್ಕೆ 8 ಸೇರಿಸಿ 48 ಅಂಗುಲ. ಅದೇ ತುಂಡಿನಲ್ಲಿ ಅದು ಆಗುತ್ತದೆ, ಗರಗಸ ತಿನ್ನುವ ಪುಡಿಗೂ ಸ್ಥಳ ಉಳಿಯುತ್ತದೆ. ಹೀಗಾಗಿ ಉಳಿದ ತುಂಡುಗಳನ್ನು ಅಳತೆವಾರು, ಬಣ್ಣವಾರು ನಿಲ್ಲಿಸಿಡುವ ಖಾನೆಗಳು ಗರಗಸದ ಪಕ್ಕದಲ್ಲಿಯೇ ಇರಬೇಕು. ಅವು ದೂರದಲ್ಲಿದ್ದರೆ ಯಾರೂ ಹುಡುಕುವ ಗೋಜಿಗೆ ಹೋಗದೆ ಹೊಸ ಕೋಲನ್ನೇ ಕತ್ತರಿಸುತ್ತಾರೆ. ಗುಂಪಿನ ಲಾಭ ಇರುವುದು ಬಹುತೇಕ ಈ ತುಂಡುಗಳಲ್ಲಿಯೇ.

ಕೋಲು ಮಲಗುವ ಬೆಂಚು ಗರಗಸದ ತಳದ ಮಟ್ಟಕ್ಕೆ ಸರಿಯಾಗಿ ಇರಬೇಕೆಂಬುದು ಇನ್ನೊಂದು ಮುಖ್ಯ ಸಂಗತಿ. ಬೆಂಚು ತಗ್ಗಾಗಿದ್ದರೆ ಕೋಲಿನ ತುದಿ ಜೋತುಬಿದ್ದು ಕೋನ ತಪ್ಪುತ್ತದೆ. ಒಂದು ಚೌಕಟ್ಟಿಗೆ 8 ಓರೆ ಕತ್ತರಿಕೆಗಳು. ಪ್ರತಿಯೊಂದರಲ್ಲಿ ಅರ್ಧ ಡಿಗ್ರಿ ಒಂದೇ ದಿಕ್ಕಿಗೆ ತಪ್ಪಿದರೂ ಕೊನೆಯ ಮೂಲೆಯಲ್ಲಿ 4 ಡಿಗ್ರಿಯ ಸಂದು ಬೀಳುತ್ತದೆ. ಅದನ್ನು ಮೇಣದಿಂದ ಮುಚ್ಚಬಹುದು, ಆದರೆ ಅಂತಹ ಕಟ್ಟು ಗೋಡೆಯ ಮೇಲೆ ಬಹುಕಾಲ ಬಿಗಿಯಾಗಿ ನಿಲ್ಲುವುದಿಲ್ಲ. ನೆಲ ಏರುಪೇರಾಗಿರುವ ಹಳೆಯ ಕಟ್ಟಡಗಳಲ್ಲಿ ಬೆಂಚನ್ನು ಗೋಡೆಗೇ ಬಿಗಿದು ಮಟ್ಟಗೋಲಿನಿಂದ ಪರಿಶೀಲಿಸುವುದು ಮೇಲು.

ಸಂಗ್ರಹದ ವಿಚಾರದಲ್ಲಿ ಕೋಲುಗಳನ್ನು ನಿಲ್ಲಿಸಿಡುವುದಕ್ಕಿಂತ ಮಲಗಿಸಿಡುವುದು ಹಳ್ಳಿಯ ಮಳಿಗೆಗಳಿಗೆ ಹೊಂದುತ್ತದೆ, ಏಕೆಂದರೆ ಚಾವಣಿಯ ಎತ್ತರ ಸಾಮಾನ್ಯವಾಗಿ 10 ಅಡಿಯ ಆಸುಪಾಸು. ಬೆಂಚಿನ ಮೇಲ್ಭಾಗದ ಗೋಡೆಗೆ ಎರಡೆರಡು ಅಡಿ ಅಂತರದಲ್ಲಿ ಕಬ್ಬಿಣದ ಬ್ರಾಕೆಟ್‌ಗಳನ್ನು ಬಡಿದರೆ ಸಾಕು. ಅಂತರ ಹೆಚ್ಚಿದಷ್ಟೂ ಪಟ್ಟಿ ಬಾಗುತ್ತದೆ. ಮಲೆನಾಡು ಹಾಗೂ ಕರಾವಳಿಯ ಪಂಚಾಯಿತಿಗಳಲ್ಲಿ ಮಳೆಗಾಲದ ತೇವಕ್ಕೆ ಮರದ ಪಟ್ಟಿ ಸೊಟ್ಟಗಾಗುವುದರಿಂದ, ಹೊರಗೋಡೆಗಿಂತ ಪಕ್ಕದ ಮಳಿಗೆಗೆ ಅಂಟಿದ ಒಳಗೋಡೆಯನ್ನೇ ಇದಕ್ಕೆ ಆರಿಸಬೇಕು.

ಗಾಜಿಗೆ ಬೇರೆಯೇ ಮರ್ಯಾದೆ

ಪಟಗಳಿಗೆ ಬಳಸುವುದು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಗಾಜು. ಅದರ ತೂಕ ಪ್ರತಿ ಚದರ ಮೀಟರಿಗೆ ಸುಮಾರು 5 ಕಿಲೋ. 4×3 ಅಡಿಯ ಒಂದು ಹಾಳೆ ಐದೂವರೆ ಕಿಲೋ ತೂಗುತ್ತದೆ. 20 ಹಾಳೆಗಳ ಒಂದು ಸಂಗ್ರಹ 110 ಕಿಲೋ ದಾಟುತ್ತದೆ. ಇದನ್ನು ನೆಲಕ್ಕೆ ಚಪ್ಪಟೆಯಾಗಿ ಮಲಗಿಸಿಟ್ಟರೆ ಅಡಿಯ ಹಾಳೆಗಳು ಬಿರಿಯುತ್ತವೆ. ತುಸು ಹಿಂದಕ್ಕೆ ವಾಲಿದ, ಅಡಿಯಲ್ಲಿ ಮರದ ತುಂಡು ಅಥವಾ ಹಳೆಯ ಜಮಖಾನೆ ಹಾಸಿದ ಚೌಕಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿಡಬೇಕು. ಹಾಳೆಗಳ ನಡುವೆ ನೀರು ಸೇರಿದರೆ ಅಳಿಸಲಾಗದ ಮಬ್ಬು ಕಲೆ ಉಳಿಯುವುದರಿಂದ ಸೋರುವ ಗೋಡೆ, ಕಿಟಕಿಯ ಬುಡ ಇದಕ್ಕೆ ಸಲ್ಲ.

ಗಾಜನ್ನು ಹೊತ್ತು ನಡೆಯುವ ದೂರ ಎಷ್ಟು ಕಡಿಮೆಯೋ ಅಪಾಯವೂ ಅಷ್ಟು ಕಡಿಮೆ. ಆದುದರಿಂದ ಗಾಜಿನ ಚೌಕಿ ಷಟರಿನ ಸಮೀಪವೂ ಗಾಜು ಕತ್ತರಿಸುವ ಮೇಜು ಅದರ ಪಕ್ಕದಲ್ಲಿಯೂ ಇರತಕ್ಕದ್ದು. ಕೋಲು ಓಡಾಡುವ ಹಾದಿಯೂ ಗಾಜು ಓಡಾಡುವ ಹಾದಿಯೂ ಒಂದನ್ನೊಂದು ಕತ್ತರಿಸಬಾರದು. 10 ಅಡಿ ಅಗಲದ ಕೊಠಡಿಯಲ್ಲಿ, ಅದರಲ್ಲೂ ಎರಡೂ ಕಡೆ ಬೆಂಚು ಹಾಕಿದ ಮೇಲೆ, 10 ಅಡಿಯ ಕೋಲನ್ನು ಅಡ್ಡ ತಿರುಗಿಸಲು ಬರುವುದಿಲ್ಲ. ಅದು ಬಂದ ದಿಕ್ಕಿನಲ್ಲೇ ಬೆಂಚಿನ ಮೇಲೆ ಮಲಗಬೇಕು. ಮೊದಲ ಮಹಡಿಯ ಮಳಿಗೆಗಳನ್ನು ಈ ಕಸುಬಿಗೆ ನೀಡಬಾರದೆಂಬುದಕ್ಕೂ ಇದೇ ಕಾರಣ: ಮೆಟ್ಟಿಲಿನ ತಿರುವಿನಲ್ಲಿ ಕೋಲು ಸಿಕ್ಕಿಕೊಳ್ಳುತ್ತದೆ, ಗಾಜು ಹೊತ್ತವರಿಗೆ ಕಾಲಡಿಯ ಮೆಟ್ಟಿಲು ಕಾಣುವುದಿಲ್ಲ.

ಧೂಳು ಮತ್ತು ಗಾಳಿಯ ದಿಕ್ಕು

ಗರಗಸದ ಧೂಳು ಈ ಕಸುಬಿನ ದೊಡ್ಡ ಶತ್ರು. ಗಾಜು ಮತ್ತು ಚಿತ್ರದ ನಡುವೆ ಒಂದು ಕಣ ಉಳಿದರೂ ಗಿರಾಕಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕಟ್ಟು ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ಆರೋಗ್ಯದ ದೃಷ್ಟಿಯಿಂದ ವಿಷಯ ಇನ್ನೂ ಗಂಭೀರ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಹಿಂಬದಿಗೆ ಬಳಸುವ ಎಂಡಿಎಫ್ ಹಲಗೆಯ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಸಹ ಅದೇ ಪಟ್ಟಿಯಲ್ಲಿದೆ. ದಿನಕ್ಕೆ ಆರೇಳು ಗಂಟೆ ಮುಚ್ಚಿದ ಮಳಿಗೆಯಲ್ಲಿ ಕುಳಿತು ದುಡಿಯುವ ಮಹಿಳೆಯರ ಶ್ವಾಸಕೋಶದ ಪ್ರಶ್ನೆ ಇದು. ಮೂಗಿಗೆ ಸೆರಗು ಕಟ್ಟಿಕೊಳ್ಳುವುದು ಇದಕ್ಕೆ ಉತ್ತರವಲ್ಲ.

ಪರಿಹಾರ ಸರಳವಾದ ಒಂದು ನಿಯಮದಲ್ಲಿದೆ: ಗಾಳಿ ಸ್ವಚ್ಛ ಕೆಲಸದ ಕಡೆಯಿಂದ ಪ್ರವೇಶಿಸಿ ಧೂಳಿನ ಕೆಲಸದ ಕಡೆಯಿಂದ ಹೊರಹೋಗಬೇಕು. ಮುಂಭಾಗದ ಷಟರಿನಿಂದ ಗಾಳಿ ಒಳಬರುತ್ತದೆ. ಗರಗಸ ಹಿಂಭಾಗದಲ್ಲಿದ್ದು ಹಿಂಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಧೂಳು ಮುಂದಕ್ಕೆ ಬರುವುದಿಲ್ಲ. ಆದರೆ ಪಂಚಾಯಿತಿ ಮಳಿಗೆಗಳ ಹಿಂಗೋಡೆ ಹಲವು ಕಡೆ ಕಿಟಕಿಯಿಲ್ಲದ ಕುರುಡು ಗೋಡೆ. ಕೆಲವೆಡೆ ಎರಡು ಸಾಲು ಮಳಿಗೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ನಿರ್ಮಾಣದ ಹಂತದಲ್ಲಿಯೇ ಹಿಂಗೋಡೆಯ ಮೇಲ್ಭಾಗದಲ್ಲಿ ಒಂದೂವರೆ ಅಡಿ ಚೌಕದ ತೆರಪು ಬಿಡುವುದಕ್ಕೆ ಹೆಚ್ಚುವರಿ ಖರ್ಚು ಬಹುತೇಕ ಇಲ್ಲ. ಗಿಲಾವು, ಬಣ್ಣ ಮುಗಿದ ಮೇಲೆ ಅದೇ ತೆರಪಿಗೆ ಗೋಡೆ ಒಡೆಯಬೇಕು, ಅಂದಾಜು ಪಟ್ಟಿ ಬದಲಿಸಬೇಕು, ಮತ್ತೊಮ್ಮೆ ಅನುಮೋದನೆ ಪಡೆಯಬೇಕು. ಕಟ್ಟಡದ ನಕ್ಷೆ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳಲೇಬೇಕಾದ ಪ್ರಶ್ನೆ ಇದು. ಕಟ್ಟು ಹಾಕುವವರು ಬಾರದೆ ಬೇರೆಯವರು ಬಂದರೂ ಆ ತೆರಪಿನಿಂದ ಕೇಡೇನಿಲ್ಲ.

ತೆರಪು ಎಲ್ಲಿಗೆ ತೆರೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಹಿಂದೆ ಅಂಗನವಾಡಿಯ ಅಂಗಳವೋ ಕುಡಿಯುವ ನೀರಿನ ತೊಟ್ಟಿಯೋ ಇದ್ದಲ್ಲಿ ಆ ಮಳಿಗೆ ಈ ಕೆಲಸಕ್ಕೆ ಅರ್ಹವಲ್ಲ. ಫ್ಯಾನ್ ಒಂದನ್ನೇ ನಂಬದೆ ಗರಗಸದ ಧೂಳು ಹೊರಬೀಳುವ ಬಾಯಿಗೆ ಚೀಲ ಅಥವಾ ವ್ಯಾಕ್ಯೂಮ್ ಯಂತ್ರ ಜೋಡಿಸಿದರೆ ಧೂಳಿನ ದೊಡ್ಡ ಭಾಗ ಅಲ್ಲಿಯೇ ನಿಲ್ಲುತ್ತದೆ. ಮಳಿಗೆಯ ನಡುವಿನ ಸೀಲಿಂಗ್ ಫ್ಯಾನ್ ಮಾತ್ರ ಧೂಳನ್ನು ಸಮನಾಗಿ ಎಲ್ಲರಿಗೂ ಹಂಚುತ್ತದೆ. ಅದರ ಬದಲು ಕೆಲಸಗಾರರ ಕಡೆಗೆ ಮುಂಭಾಗದಿಂದ ಬೀಸುವ ಗೋಡೆ ಫ್ಯಾನ್ ಒಳ್ಳೆಯದು.

ವಿದ್ಯುತ್ ಗರಗಸದ ಬದಲಿಗೆ ಕಾಲಿನಿಂದ ಒತ್ತಿ ಎರಡು ಅಲಗುಗಳಿಂದ ಪಟ್ಟಿಯನ್ನು ಕತ್ತರಿಸುವ ಯಂತ್ರವೂ ಲಭ್ಯ. ಅದಕ್ಕೆ ಧೂಳಿಲ್ಲ, ಸದ್ದಿಲ್ಲ, ವಿದ್ಯುತ್ತೂ ಬೇಡ. ಅಲಗನ್ನು ಹರಿತ ಮಾಡಿಸಲು ಪರಿಣತರ ಬಳಿಗೆ ಕಳುಹಿಸಬೇಕಾದುದರಿಂದ ಎರಡು ಜೊತೆ ಅಲಗು ಇರಬೇಕು. ಚಿಕ್ಕ ಮಳಿಗೆ, ಶಾಲೆಯ ನೆರೆ, ವಿದ್ಯುತ್ ವ್ಯತ್ಯಯ ಈ ಮೂರರಲ್ಲಿ ಎರಡು ಇದ್ದರೂ ಮೊದಲ ಆಯ್ಕೆ ಈ ಯಂತ್ರವೇ ಆಗಬೇಕು. ವಿದ್ಯುತ್ ಗರಗಸ ನಗರದ ಅಂಗಡಿಯ ವೇಗಕ್ಕೆ ಬೇಕಾದುದು. ದಿನಕ್ಕೆ ಎಂಟು ಹತ್ತು ಕಟ್ಟು ಹಾಕುವಲ್ಲಿ ಅದರ ಅವಸರವಿಲ್ಲ.

ಒಂದು ಮಾದರಿ: 10×15 ಅಡಿಯ ಮಳಿಗೆ

ರಸ್ತೆಗೆ ಮುಖಮಾಡಿದ, 10 ಅಡಿ ಅಗಲ, 15 ಅಡಿ ಆಳದ ಮಳಿಗೆಯನ್ನು ಗಣನೆಗೆ ತೆಗೆದುಕೊಳ್ಳೋಣ. ಷಟರಿನ ಎದುರು ನಿಂತು ಒಳಗೆ ನೋಡಿದಾಗ ಎಡಗೋಡೆಯುದ್ದಕ್ಕೂ 2 ಅಡಿ ಅಗಲದ ಬೆಂಚು. ಮುಂಭಾಗದಿಂದ 10 ಅಡಿ ದೂರದಲ್ಲಿ, ಬೆಂಚಿನ ಮಟ್ಟಕ್ಕೆ ಸಮನಾಗಿ, ಗರಗಸ. ಅದರ ಹಿಂದೆ ಉಳಿಯುವ 4 ಅಡಿಯಲ್ಲಿ ಕತ್ತರಿಸಿದ ತುಂಡುಗಳು. ಹಿಂಗೋಡೆಗೆ ಆನಿಸಿ ಉಳಿಕೆ ತುಂಡುಗಳ ಖಾನೆ. ಮೇಲೆ ಎಕ್ಸಾಸ್ಟ್ ಫ್ಯಾನ್. ಬೆಂಚಿನ ಮೇಲ್ಗೋಡೆಗೆ ಕೋಲುಗಳ ಬ್ರಾಕೆಟ್. ಬೆಂಚಿನ ಕೆಳಗೆ ಹಿಂಬದಿಯ ಹಲಗೆಗಳು. ಹಲಗೆ 8×4 ಅಡಿಯ ಹಾಳೆಯಾಗಿ ಬರುತ್ತದೆ. ಮಾರುವವರಲ್ಲಿಯೇ 4×2 ಅಡಿಯ ನಾಲ್ಕು ತುಂಡು ಮಾಡಿಸಿ ತಂದರೆ ಬೆಂಚಿನಡಿ ಸೇರುತ್ತದೆ. ಗೆದ್ದಲಿನ ಭಯವಿರುವುದರಿಂದ ನೆಲದಿಂದ ನಾಲ್ಕು ಅಂಗುಲ ಎತ್ತರಿಸಿಡಬೇಕು.

ಬಲಗೋಡೆಯಲ್ಲಿ ಹಿಂದಿನಿಂದ ಮುಂದಕ್ಕೆ ಬರುವುದಾದರೆ, ಮೊದಲ 3 ಅಡಿಯಲ್ಲಿ ಮೂಲೆ ಜೋಡಿಸುವ ಯಂತ್ರ. ವಿ ಆಕಾರದ ಮೊಳೆಯನ್ನು ಕಾಲಿನಿಂದ ಒತ್ತಿ ಎರಡು ಪಟ್ಟಿಗಳನ್ನು ಸೇರಿಸುವ ಯಂತ್ರ ಇದು. ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಸಾಕು. ನಂತರದ 5 ಅಡಿಯಲ್ಲಿ 3 ಅಡಿ ಅಗಲದ ಮೇಜು. ಅದರ ಮುಂದಿನ 4 ಅಡಿಯಲ್ಲಿ ಗಾಜಿನ ಚೌಕಿ. ಷಟರಿನ ಬಳಿ 2 ಅಡಿ ಆಳದ ಕೌಂಟರ್. ಅದು ಬಲಭಾಗಕ್ಕಷ್ಟೇ ಸೀಮಿತವಾಗಿದ್ದು, ಕೋಲು ಒಳಬರುವ ಎಡಭಾಗ ತೆರೆದಿರಬೇಕು. ಎಡದ 2 ಅಡಿ, ಬಲದ 3 ಅಡಿ ಕಳೆದು ನಡುವೆ 5 ಅಡಿಯ ಓಣಿ ಉಳಿಯುತ್ತದೆ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕೆಲಸ ಮಾಡುವಾಗ ಮೂರನೆಯವರು ನಡುವೆ ಹಾಯಬಹುದು.

ಹೀಗಿಟ್ಟಾಗ ಕೆಲಸ ಎಡಗೋಡೆಯ ಗುಂಟ ಒಳಹೋಗಿ, ಹಿಂಭಾಗದಲ್ಲಿ ತಿರುಗಿ, ಬಲಗೋಡೆಯ ಗುಂಟ ಹೊರಬರುತ್ತದೆ. ಗುಡಿಯಲ್ಲಿ ಪ್ರದಕ್ಷಿಣೆ ಬರುವ ಕ್ರಮವೇ ಇದು. ಪಟ್ಟಿ ಎಲ್ಲಿಯೂ ಹಿಂದಿರುಗುವುದಿಲ್ಲ, ಗಾಜು ಮೇಜಿನಾಚೆ ಹೋಗುವುದೇ ಇಲ್ಲ.

ಈ ಮಾದರಿಯಲ್ಲಿ ಒಂದು ಕೊರತೆ ಉಳಿಯುತ್ತದೆ. ಗಾಜು ಕತ್ತರಿಸುವ ಮೇಜೂ ಚಿತ್ರ ಜೋಡಿಸುವ ಮೇಜೂ ಬೇರೆಯಾಗಿರಬೇಕೆಂಬುದು ಸರಿಯಾದ ಕ್ರಮ, ಏಕೆಂದರೆ ಗಾಜಿನ ಚೂರು ಚಿತ್ರವನ್ನು ಗೀರುತ್ತದೆ. 150 ಚದರ ಅಡಿಯಲ್ಲಿ ಎರಡಕ್ಕೆ ಸ್ಥಳವಿಲ್ಲ. ಆದಕಾರಣ ಮೇಜಿನ ಮೇಲೆ ತೆಗೆದಿಡಬಹುದಾದ, ಕಾರ್ಪೆಟ್ ಅಂಟಿಸಿದ ಒಂದು ಹಲಗೆ ಇಟ್ಟು ಬೆಳಿಗ್ಗೆಯೇ ದಿನದ ಗಾಜನ್ನೆಲ್ಲ ಕತ್ತರಿಸಿ, ಹಲಗೆಯನ್ನು ಹೊರಗೆ ಕೊಡವಿ ಎತ್ತಿಟ್ಟು, ಮೇಜನ್ನು ಒರೆಸಿ ಮಧ್ಯಾಹ್ನ ಜೋಡಣೆ ಮಾಡಬೇಕು. ಸ್ಥಳದಲ್ಲಿ ಬೇರೆ ಮಾಡಲಾಗದ್ದನ್ನು ಸಮಯದಲ್ಲಿ ಬೇರೆ ಮಾಡುವುದು ಅನಿವಾರ್ಯ.

ಕಾರ್ಯಶೆಡ್‌ಗಳಲ್ಲಿ ತೊಂದರೆ ಇದಕ್ಕೆ ವಿರುದ್ಧವಾದುದು. ನರೇಗಾ ಅಡಿಯಲ್ಲಿ ಸ್ವಸಹಾಯ ಗುಂಪುಗಳಿಗಾಗಿ ನಿರ್ಮಿಸಿರುವ ಶೆಡ್‌ಗಳು ವಿಶಾಲವಾಗಿರುವುದರಿಂದ ಸಾಮಾನುಗಳು ನಾಲ್ಕು ಮೂಲೆಗೆ ಹರಡಿ, ಒಂದು ಕಟ್ಟಿಗಾಗಿ ಹತ್ತಾರು ಬಾರಿ ಅಡ್ಡಾಡಬೇಕಾಗುತ್ತದೆ. ಅಲ್ಲಿ ಜೋಡಣೆಯ ಮೇಜನ್ನು ನಡುವೆ ಇಟ್ಟು ನಾಲ್ಕೂ ಕಡೆಯಿಂದ ಕೈ ತಲುಪುವಂತೆ ಮಾಡಿ, ಗರಗಸದ ಭಾಗಕ್ಕೆ ತಗಡು ಅಥವಾ ದಪ್ಪ ಪ್ಲಾಸ್ಟಿಕ್ಕಿನ ಅಡ್ಡಗೋಡೆ ಕಟ್ಟಿದರೆ ಸಾಕು.

ವಿದ್ಯುತ್, ಬೆಳಕು, ಪರವಾನಗಿ

10 ಅಂಗುಲ ಅಲಗಿನ ಗರಗಸ ಸುಮಾರು 1,800 ವ್ಯಾಟ್ ಬಳಸುವುದುಂಟು. 230 ವೋಲ್ಟಿನಲ್ಲಿ ಅದು 8 ಆಂಪಿಯರ್ ಸೆಳೆಯುತ್ತದೆ. ಸಾಮಾನ್ಯ 6 ಆಂಪಿಯರ್ ಸಾಕೆಟ್‌ಗೆ ಇದು ಅತಿಭಾರ. 16 ಆಂಪಿಯರ್ ಸಾಕೆಟ್ ಎಡಗೋಡೆಯಲ್ಲಿ, ಗರಗಸವಿರುವ ಸ್ಥಳದಲ್ಲಿಯೇ, ಬೆಂಚಿಗಿಂತ ಮೇಲೆ ಇರಬೇಕು. ಷಟರಿನ ಪಕ್ಕದ ಒಂದೇ ಬೋರ್ಡಿನಿಂದ ನೆಲದ ಮೇಲೆ ವೈರು ಎಳೆದು ಯಂತ್ರ ನಡೆಸುವ ರೂಢಿ ಬಿಡಬೇಕು. ಗಾಜು ಹೊತ್ತವರ ಕಾಲಿಗೆ ಆ ವೈರು ತೊಡರಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಸರಿಯಾದ ಅರ್ತಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮಳಿಗೆಯಲ್ಲಿ ಯಂತ್ರಕ್ಕೆ ಅನುಮತಿ ನೀಡಬಾರದು. ಬೆಳಕಿನ ಮಟ್ಟಿಗೆ, ಮೇಜಿನ ನೇರ ಮೇಲೆ ಮೇಜಿನುದ್ದಕ್ಕೆ ಎರಡು ಎಲ್‌ಇಡಿ ಟ್ಯೂಬ್‌ಗಳಿದ್ದರೆ ಗಾಜಿನೊಳಗಿನ ಧೂಳು ಗಿರಾಕಿಗಿಂತ ಮೊದಲು ಕೆಲಸಗಾರರಿಗೆ ಕಾಣುತ್ತದೆ. ಮರದ ಪುಡಿ ಮತ್ತು ಥಿನ್ನರ್ ಇರುವ ಸ್ಥಳವಾದುದರಿಂದ ಬೆಂಕಿ ನಂದಿಸುವ ಸಿಲಿಂಡರ್ ಷಟರಿನ ಬಳಿ ಇರಬೇಕು. ಪೂಜೆಯ ದೀಪ, ಊದುಬತ್ತಿಗಳನ್ನೂ ಮುಂಭಾಗದ ಕೌಂಟರ್ ಕಡೆಗೇ ಇಡುವಂತೆ ತಿಳಿಹೇಳಬೇಕು.

ಪರವಾನಗಿಯ ಬಗ್ಗೆ ಹೇಳುವುದಾದರೆ, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64 ಕಟ್ಟಡ ನಿರ್ಮಾಣಕ್ಕೂ ಪ್ರಕರಣ 66 ಕಾರ್ಖಾನೆ ಹಾಗೂ ಯಂತ್ರೋಪಕರಣಗಳ ಸ್ಥಾಪನೆಗೂ ಸಂಬಂಧಿಸಿವೆ. ಅರ್ಜಿ ಬಂದಾಗ ಅದರೊಂದಿಗೆ ಕೈಯಿಂದ ಬರೆದ ಒಂದು ನಕ್ಷೆಯನ್ನು ಕೇಳುವುದು ಒಳ್ಳೆಯ ಪದ್ಧತಿ. ಯಂತ್ರ ಎಲ್ಲಿ, ಗಾಜು ಎಲ್ಲಿ, ಗಾಳಿ ಎಲ್ಲಿಂದ ಎಲ್ಲಿಗೆ ಎಂಬ ಮೂರು ವಿಷಯ ಅದರಲ್ಲಿದ್ದರೆ ಸಾಕು.

ನಕ್ಷೆ ಓದುವ ಅಭ್ಯಾಸವಿಲ್ಲದವರಿಗೆ ಅದಕ್ಕಿಂತ ಉತ್ತಮವಾದ ಉಪಾಯವೊಂದಿದೆ. ಠರಾವಿಗೆ ಮುನ್ನ ಖಾಲಿ ಮಳಿಗೆಯ ನೆಲದ ಮೇಲೆ ಸುಣ್ಣದಿಂದ ಬೆಂಚು, ಮೇಜು, ಚೌಕಿಗಳನ್ನು ನಿಜವಾದ ಅಳತೆಯಲ್ಲಿ ಗೆರೆ ಎಳೆದು ಗುರುತಿಸಬೇಕು. 10 ಅಡಿಯ ಬಿದಿರು ಗಳವನ್ನು ಗುಂಪಿನ ಸದಸ್ಯೆಯರ ಕೈಗೆ ಕೊಟ್ಟು ರಸ್ತೆಯಿಂದ ಬೆಂಚಿನವರೆಗೆ ತರಲು ಹೇಳಬೇಕು. ಇಬ್ಬರು 4×3 ಅಡಿಯ ಹಲಗೆಯನ್ನು ಗಾಜೆಂದು ಭಾವಿಸಿ ಹೊತ್ತು ಗೆರೆ ತುಳಿಯದೆ ಮೇಜಿಗೆ ತಲುಪಬೇಕು. ಅರ್ಧ ಗಂಟೆಯ ಕೆಲಸ. ಗಳ ಎಲ್ಲಿ ತಾಗಿತು, ಹಲಗೆ ಎಲ್ಲಿ ತಿರುಗಲಿಲ್ಲ ಎಂಬುದು ಎಲ್ಲರ ಕಣ್ಣೆದುರೇ ತಿಳಿಯುತ್ತದೆ. ಬೆಂಚಿನ ಎತ್ತರವನ್ನೂ ಆಗಲೇ, ಅಲ್ಲಿ ನಿಂತು ದುಡಿಯುವ ಮಹಿಳೆಯರ ಮೊಣಕೈಯ ಅಳತೆಗೆ ತಕ್ಕಂತೆ, ನಿಶ್ಚಯಿಸಬಹುದು. ಸಿದ್ಧವಾಗಿ ಮಾರಾಟಕ್ಕಿರುವ ಮೇಜು ಎಲ್ಲರಿಗೂ ಹೊಂದುತ್ತದೆಂದು ಭಾವಿಸುವಂತಿಲ್ಲ.

ಗಿರಾಕಿಯ ಚಿತ್ರ

ವಿನ್ಯಾಸದಲ್ಲಿ ಮರೆತುಹೋಗುವ ಒಂದು ಸ್ಥಳವಿದೆ: ಗಿರಾಕಿ ತಂದುಕೊಟ್ಟ ಚಿತ್ರ ಕಾಯುವ ಸ್ಥಳ. ಹಳ್ಳಿಯ ಮನೆಗಳಿಂದ ಬರುವ ಹಳೆಯ ಫೋಟೋಗಳಲ್ಲಿ ತೀರಿಹೋದ ತಂದೆಯದೋ ತಾಯಿಯದೋ ಏಕೈಕ ಭಾವಚಿತ್ರ ಇರುವುದುಂಟು. ನೆಗೆಟಿವ್ ಇರುವುದಿಲ್ಲ, ಇನ್ನೊಂದು ಪ್ರತಿ ಇರುವುದಿಲ್ಲ. ಪಟ್ಟಿ ಹಾಳಾದರೆ ಬೇರೆ ಪಟ್ಟಿ ತರಬಹುದು, ಗಾಜು ಒಡೆದರೆ ಬೇರೆ ಗಾಜು ಹಾಕಬಹುದು. ಈ ಫೋಟೋ ಹಾಳಾದರೆ ಗುಂಪು ಯಾವ ಪರಿಹಾರವನ್ನೂ ಕೊಡಲಾರದು, ಊರಿನಲ್ಲಿ ಕಳೆದುಕೊಂಡ ವಿಶ್ವಾಸವನ್ನೂ ಮರಳಿ ಪಡೆಯಲಾರದು. ಆದ್ದರಿಂದ ಕೌಂಟರಿನಲ್ಲಿಯೇ, ಗಾಜಿನ ಚೌಕಿಗೆ ಎದುರಲ್ಲದ ಕಡೆ, ಮುಚ್ಚಳವಿರುವ ಅಗಲವಾದ ಡ್ರಾಯರ್ ಮಾಡಿಸಬೇಕು. ಪಡೆದ ಕೂಡಲೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿ, ಡ್ರಾಯರಿನಲ್ಲಿ ಇಡಬೇಕು. ಜೋಡಣೆಯ ಮೇಜಿಗೆ ಅದು ಬರುವುದು ಕಟ್ಟು, ಗಾಜು ಎರಡೂ ಸಿದ್ಧವಾದ ಮೇಲೆ ಮಾತ್ರ. ಹಳೆಯ ಕಟ್ಟಿನ ಗಾಜಿಗೆ ಅಂಟಿಕೊಂಡಿರುವ ಫೋಟೋವನ್ನು ಎಳೆದು ಬಿಡಿಸಲು ಯತ್ನಿಸದೆ ಗಾಜಿನ ಮೇಲಿಂದಲೇ ಪ್ರತಿ ತೆಗೆಸಲು ಸೂಚಿಸುವುದು ಕ್ಷೇಮ. ಹೊಸ ಕಟ್ಟಿನಲ್ಲಿ ಮೌಂಟ್ ಬೋರ್ಡ್ ಹಾಕಿದರೆ ಗಾಜಿಗೂ ಫೋಟೋಗೂ ನಡುವೆ ಅಂತರ ಉಳಿದು ಮುಂದೆ ಅಂಟಿಕೊಳ್ಳುವುದಿಲ್ಲ. ಚಿನ್ನದ ರೇಕಿನ ಉಬ್ಬು ಕೆಲಸವಿರುವ ಮೈಸೂರು ಶೈಲಿಯ ಚಿತ್ರಗಳಿಗಂತೂ ಈ ಅಂತರ ಕಡ್ಡಾಯ.

ಸಿದ್ಧವಾದ ಪಟಗಳ ವಿಷಯದಲ್ಲಿ ಜನರ ಭಾವನೆಯೂ ವಿನ್ಯಾಸದ ಒಂದು ಅಳತೆಯೇ. ದೇವರ ಪಟವನ್ನಾಗಲಿ ಹಿರಿಯರ ಭಾವಚಿತ್ರವನ್ನಾಗಲಿ ಕಾಲಿನಿಂದ ಒತ್ತುವ ಯಂತ್ರದ ಬುಡದಲ್ಲಿ, ನೆಲಕ್ಕೆ ಆನಿಸಿ ನಿಲ್ಲಿಸಿರುವುದನ್ನು ಕಂಡರೆ ಗಿರಾಕಿಗೆ ಹಿತವೆನಿಸದು. ಸೊಂಟಕ್ಕಿಂತ ಮೇಲಿನ ಒಂದು ಅಡ್ಡಹಲಗೆ ಬಲಗೋಡೆಯಲ್ಲಿ ಇದಕ್ಕೆಂದೇ ಇರಲಿ. ಬದಲಿಸಲು ತಂದ ಹಳೆಯ, ಒಡೆದ ದೇವರ ಪಟಗಳಿಗೂ ಅದರ ತುದಿಯಲ್ಲಿ ಸ್ಥಳ ಬೇಕು. ಅವುಗಳನ್ನು ಹಿಂದಿರುಗಿಸಬೇಕೋ ಬೇಡವೋ ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಪಶ್ಚಿಮಾಭಿಮುಖ ಮಳಿಗೆಯಾದರೆ ಇಳಿಬಿಸಿಲು ನೇರವಾಗಿ ಬಿದ್ದು ಚಿತ್ರದ ಬಣ್ಣ ಮಾಸುವುದರಿಂದ ಷಟರಿನ ಮುಂದೆ ಮೂರು ಅಡಿ ತಗಡಿನ ಮುಂಚಾಚು ಬೇಕಾಗುತ್ತದೆ.

ಕೊನೆಯದಾಗಿ ಒಡೆದ ಗಾಜು. ಗಾಜು ಕತ್ತರಿಸುವ ಮೇಜಿನ ಕೆಳಗೆ ಮುಚ್ಚಳವಿರುವ ಗಟ್ಟಿ ತಗಡಿನ ಡಬ್ಬವೊಂದಕ್ಕೆ ಸ್ಥಳ ಗುರುತಿಸಿರಬೇಕು. ಇದು ಮಳಿಗೆಯವರ ಸುರಕ್ಷತೆಗೆ ಮಾತ್ರವಲ್ಲ. ಸ್ವಚ್ಛ ವಾಹಿನಿಯಲ್ಲಿ ಕಸ ಸಂಗ್ರಹಿಸುವ, ಸ್ವಚ್ಛ ಸಂಕೀರ್ಣದಲ್ಲಿ ಕೈಯಿಂದ ಬೇರ್ಪಡಿಸುವ ಮಹಿಳೆಯರಿಗೆ ಚೀಲದೊಳಗಿನ ಗಾಜಿನ ಚೂರು ಕಾಣುವುದಿಲ್ಲ. ಗಾಜನ್ನು ಬೇರೆ ಕಸದೊಡನೆ ಬೆರೆಸದೆ ಡಬ್ಬದಲ್ಲಿಯೇ ಹಸ್ತಾಂತರಿಸಬೇಕೆಂಬ ಷರತ್ತನ್ನು ಅನುಮತಿ ಪತ್ರದಲ್ಲಿ ಸೇರಿಸಬಹುದು. ಡಬ್ಬದ ಮೇಲೆ ಗಾಜು ಎಂದು ದೊಡ್ಡದಾಗಿ ಬರೆದಿರಬೇಕು, ಅರ್ಧ ತುಂಬಿದ ಕೂಡಲೇ ಕಳುಹಿಸಬೇಕು. ಪೂರ್ತಿ ತುಂಬಿದ ಗಾಜಿನ ಡಬ್ಬವನ್ನು ವಾಹನಕ್ಕೆ ಎತ್ತುವುದು ಒಬ್ಬರಿಂದ ಆಗುವ ಕೆಲಸವಲ್ಲ.